ಮಾತ್ರೆ ಎಂಬ ಅಳತೆ

ಕನ್ನಡ ಮೇಷ್ಟ್ರು ಕರಿಹಲಗೆಯ ಮೇಲೆ ಪದ್ಯದ ಸಾಲು ಬರೆದು, ಅಕ್ಷರಗಳ ನೆತ್ತಿಗೆ ಲಘು ಗುರು ಹಾಕಿಸುವಾಗ ಮಕ್ಕಳು ಎಣಿಸುವುದು ಮಾತ್ರೆ. ಮೆಡಿಕಲ್ ಶಾಪಿನವರು ಚೀಟಿ ನೋಡಿ, ಹಾಳೆಯಿಂದ ಕತ್ತರಿಸಿ, ಪುಟ್ಟ ಲಕೋಟೆಗೆ ಹಾಕಿ ಕೊಡುವುದೂ ಮಾತ್ರೆ. ಒಂದು ಕಿವಿಗೆ ಸೇರಿದ್ದು, ಇನ್ನೊಂದು ಹೊಟ್ಟೆಗೆ. ಬೇರೆ ಬೇರೆ ಕಡೆಯಿಂದ ಬಂದು ಅಕಸ್ಮಾತ್ತಾಗಿ ಒಂದೇ ರೂಪ ತಳೆದ ಎರಡು ಪದಗಳಂತೆ ಇವು ಕಾಣುತ್ತವೆ. ಆದರೆ ಪದ ಒಂದೇ, ತಳದಲ್ಲಿರುವ ಅರ್ಥವೂ ಒಂದೇ: ಅಳತೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ 2010ರಿಂದೀಚೆಗೆ ಬಂದ ಬಾಯಿ ಮಾತ್ರೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡುವ ಸಂಶೋಧನೆಗಳನ್ನು ಓದುತ್ತ ಹೋದಾಗ ಈ ಹಳೆಯ ಅರ್ಥ ನನಗೆ ಹೆಜ್ಜೆಹೆಜ್ಜೆಗೂ ಎದುರಾಯಿತು. ಅದನ್ನು ಮರೆತು ಓದಿದರೆ ಆ ಅಂಕಿಗಳು ನಮ್ಮನ್ನು ದಾರಿ ತಪ್ಪಿಸುತ್ತವೆ.

ಮೂಲದಲ್ಲಿರುವುದು ಸಂಸ್ಕೃತದ 'ಮಾ' ಧಾತು. ಅಳೆ ಎಂದು ಅದರ ಅರ್ಥ. ಅದರಿಂದ ಬಂದ 'ಮಾತ್ರಾ' ಎಂಬ ರೂಪ, ಮಾಲಾ ಮಾಲೆಯಾದಂತೆ, ಶಾಲಾ ಶಾಲೆಯಾದಂತೆ, ಕನ್ನಡದ ಬಾಯಲ್ಲಿ ಮಾತ್ರೆಯಾಯಿತು. ಇದರ ಒಡಹುಟ್ಟುಗಳು ನಮ್ಮ ಮಾತಿನ ತುಂಬ ಇವೆ. ಮಾನ, ಮಾಪನ, ಪರಿಮಾಣ, ನಿರ್ಮಾಣ, ಪ್ರಮಾಣ, ಉಪಮಾನ, ಅನುಮಾನ, ಎಲ್ಲಕ್ಕೂ ಇದೇ ಬೇರು. ದೂರದ ನೆಂಟರೂ ಉಂಟು. ಗ್ರೀಕಿನ 'ಮೆಟ್ರಾನ್' ಇದೇ ಕುಲದ್ದು, ಅದರ ಮೂಲಕ ಬಂದ ಮೀಟರೂ ಇದೇ ಕುಲದ್ದು. ಜ್ವರ ಬಂದವರ ನಾಲಗೆಯಡಿ ಇಡುವ ಥರ್ಮಾಮೀಟರಿಗೂ ಆಮೇಲೆ ಕೊಡುವ ಮಾತ್ರೆಗೂ ಹೀಗೆ ರಕ್ತಸಂಬಂಧವಿದೆ.

ಈ ಪದದ ಮೊದಲ ದೊಡ್ಡ ಉದ್ಯೋಗ ದನಿಯನ್ನು ಅಳೆಯುವುದು. ವೇದ ಓದುವವರಿಗೆ ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದು ಪ್ರಾಣದಷ್ಟು ಮುಖ್ಯವಾಗಿತ್ತು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಗಡಿಯಾರವಿಲ್ಲದ ಕಾಲದಲ್ಲಿ ಒಂದು ಮಾತ್ರೆ ಎಂದರೆ ಎಷ್ಟು ಎಂದು ಶಿಷ್ಯ ಕೇಳಿದರೆ ಗುರು ಏನು ತೋರಿಸಬೇಕು? ಪಾಣಿನೀಯ ಶಿಕ್ಷೆ ಇದಕ್ಕೆ ಕೊಡುವ ಉತ್ತರ ನನಗೆ ಬಹಳ ಇಷ್ಟ. ಚಾಷ ಪಕ್ಷಿಯ ಕೂಗು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಚಾಷವೆಂದರೆ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ಹೊಲದ ತಂತಿಯ ಮೇಲೆ ಕೂತು ಒರಟಾಗಿ ಒಮ್ಮೆ ಕೂಗಿ ಹಾರುವ ಆ ಹಕ್ಕಿಯ ದನಿ ಒಂದು ಕಾಲದಲ್ಲಿ ಮಾತ್ರೆಯ ಅಳತೆಗೋಲಾಗಿತ್ತು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಮಾತ್ರೆಗೆ ತನ್ನಷ್ಟಕ್ಕೆ ಬೆಲೆಯಿಲ್ಲ. ಯಾವುದೋ ಒಂದರ ಪಕ್ಕ ಇಟ್ಟಾಗಲೇ ಅದು ಅಳತೆಯಾಗುವುದು. ನೀಲಕಂಠದ ಕೂಗನ್ನು ಕೇಳದವನಿಗೆ ಆ ವ್ಯಾಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಈ ಅಳತೆಯ ಬಗ್ಗೆ ವ್ಯಾಕರಣಕಾರರಿಗೆ ಎಷ್ಟು ಕಾಳಜಿಯಿತ್ತೆಂದರೆ, ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಸಂಭ್ರಮಪಡುತ್ತಾರೆ ಎಂಬ ಮಾತೇ ಹುಟ್ಟಿಕೊಂಡಿತು. ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯಿಂದ ಮೊದಲಾಗಿ ಛಂದಸ್ಸಿನ ಪುಸ್ತಕಗಳು ಈ ಮಾತ್ರೆಯ ಮೇಲೆ ನಿಂತಿವೆ. ಕುಮಾರವ್ಯಾಸ ಹಿಡಿದ ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕರ ಲೆಕ್ಕದಲ್ಲಿ 14 ಮಾತ್ರೆ. ಒಂದು ಹೆಚ್ಚಿದರೂ ಗಮಕಿಯ ನಾಲಗೆ ಎಡವುತ್ತದೆ. ಮಾಂಡೂಕ್ಯ ಉಪನಿಷತ್ತು ಓಂಕಾರವನ್ನು ಮೂರು ಮಾತ್ರೆಗಳಾಗಿ ಬಿಡಿಸಿ, ಅಳತೆಗೆ ಸಿಗದ ನಾಲ್ಕನೆಯದನ್ನು 'ಅಮಾತ್ರ' ಎಂದು ಕರೆಯಿತು.

ಇನ್ನು 'ಮಾತ್ರ' ಎಂಬ ಅವ್ಯಯ. ನೀನು ಮಾತ್ರ ಬಾ, ನಾಮಮಾತ್ರದ ಸಂಬಳ, ಕ್ಷಣಮಾತ್ರದಲ್ಲಿ, ಅಷ್ಟು ಮಾತ್ರಕ್ಕೆ ಕೋಪವೇ, ಹೀಗೆ ದಿನಕ್ಕೆ ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಇಷ್ಟೇ ಅಳತೆ, ಇದಕ್ಕಿಂತ ಹೆಚ್ಚಿಲ್ಲ ಎಂಬ ಭಾವ ಸವೆದು ಸವೆದು 'ಬರೀ' ಎಂಬಲ್ಲಿಗೆ ಬಂದು ನಿಂತಿದೆ.

ಔಷಧದ ಕಡೆಗೆ ಪದ ಹೇಗೆ ಹೊರಳಿತು? ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯಕ್ಕೆ 'ಮಾತ್ರಾಶಿತೀಯ' ಎಂದೇ ಹೆಸರು. ಅಳತೆಯರಿತು ಉಣ್ಣುವ ವಿಚಾರದ ಅಧ್ಯಾಯ ಅದು. ಆ ಅಳತೆ ಎಲ್ಲರಿಗೂ ಒಂದೇ ಅಲ್ಲ, ಉಣ್ಣುವವನ ಜಠರಾಗ್ನಿಯ ಬಲವನ್ನು ನೋಡಿ ನಿಲ್ಲಿಸಬೇಕಾದದ್ದು ಎಂಬುದು ಅಲ್ಲಿನ ನಿಲುವು. ಮಾತ್ರೆಯೆಂದರೆ ಆಗ ಕೊಡಬೇಕಾದ ಪ್ರಮಾಣ, ಕೊಡುವ ವಸ್ತುವಿಗೆ ಆ ಹೆಸರಿರಲಿಲ್ಲ. ಉಂಡೆ ಕಟ್ಟಿದ ಔಷಧಕ್ಕೆ ವಟಿ, ಗುಟಿಕಾ, ಗುಲಿಕಾ ಎಂಬ ಬೇರೆ ಹೆಸರುಗಳಿದ್ದವು. ಗುಲಿಕಾ ಎಂಬುದೇ ನಮ್ಮ ಗುಳಿಗೆ. ಕಾಲಾಂತರದಲ್ಲಿ ಅಳತೆಯ ಹೆಸರು ಅಳೆದಿಟ್ಟ ವಸ್ತುವಿಗೇ ಅಂಟಿತು. ಸೇರು ಎಂಬ ಅಳತೆ ಅಕ್ಕಿ ಅಳೆಯುವ ಪಾತ್ರೆಗೆ ಹೆಸರಾದ ರೀತಿಯದೇ ಇದು.

ಹಳ್ಳಿಮನೆಗಳಲ್ಲಿ ಎಳೆಗೂಸಿಗೆ ಮದ್ದು ತೇಯುವುದನ್ನು ನೋಡಿದವರಿಗೆ ಈ ಹೊರಳು ಸುಲಭವಾಗಿ ಹಿಡಿಯುತ್ತದೆ. ತೇಯುವ ಕಲ್ಲಿನ ಮೇಲೆ ಎರಡು ಹನಿ ತಾಯಿಯ ಹಾಲೋ ಜೇನುತುಪ್ಪವೋ ಬಿಟ್ಟು, ಬಜೆ, ಜಾಕಾಯಿ, ಅಳಲೆಕಾಯಿಗಳನ್ನು ಒಂದೊಂದಾಗಿ ಹಿಡಿದು ಅಜ್ಜಿ ಸುತ್ತು ತಿರುಗಿಸುತ್ತಾಳೆ. ತೂಕವಿಲ್ಲ, ಚಮಚವಿಲ್ಲ. ಇದು ಒಂದು ಸುತ್ತು, ಅದು ಎರಡು ಸುತ್ತು. ಮಗುವಿಗೆ ತಿಂಗಳು ತುಂಬಿದಂತೆ ಸುತ್ತು ಏರುತ್ತದೆ. ಬೆರಳ ತುದಿಯಿಂದ ಬಳಿದು ನಾಲಗೆಗೆ ಸವರುವ ಆ ಒಂದಿಷ್ಟು ಗಂಧವೇ ಮಾತ್ರೆ, ಅಳತೆಯೂ ಹೌದು ಮದ್ದೂ ಹೌದು. ಡಿಸ್ಪೆನ್ಸರಿಗಳ ಕಾಲದಲ್ಲಿ ಕಾಂಪೌಂಡರ್ ಕೊಡುತ್ತಿದ್ದ ಕೆಂಪು ಮಿಕ್ಸ್ಚರಿನ ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಹೊತ್ತಿಗೆ ಒಂದು ಗುರುತು ಇಳಿಯಬೇಕೆಂದು. ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಎಂಬ ಚಿತ್ರಕಾರ 1843ರಲ್ಲಿ ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಪ್ರತಿಯೊಂದರಲ್ಲೂ ಅಷ್ಟೇ ಮದ್ದು ಇರುವ ಮಾತ್ರೆಗೆ ದಾರಿಯಾದದ್ದು ಅಲ್ಲಿಂದ.

ನೆರೆಭಾಷೆಗಳನ್ನು ನೋಡಿ. ತಮಿಳಿನಲ್ಲಿ ಮಾತ್ತಿರೈ, ತೆಲುಗಿನಲ್ಲಿ ಮಾತ್ರ. ಮಲಯಾಳಿಗಳು ಗುಳಿಕ ಎನ್ನುತ್ತಾರೆ. ಮರಾಠಿಯಲ್ಲಿ ಮಾತ್ರಾ ಎಂದರೆ ಕಡುವಾದ ರಸೌಷಧ, ಉಪಾಯ ಫಲಿಸಿತು ಎನ್ನಲು ಮಾತ್ರಾ ತಾಗಿತು ಎಂದೇ ನುಡಿಗಟ್ಟು. ಇಂಗ್ಲಿಷಿನ ಪಿಲ್ ಪುಟ್ಟ ಚೆಂಡು, ಟ್ಯಾಬ್ಲೆಟ್ ಪುಟ್ಟ ಹಲಗೆ, ಹಿಂದಿಯ ಗೋಲಿ ಗುಂಡು. ಇವೆಲ್ಲ ಆಕಾರ ನೋಡಿ ಇಟ್ಟ ಹೆಸರುಗಳು. ಕನ್ನಡ, ತಮಿಳು, ತೆಲುಗುಗಳಲ್ಲಿ ಜನ ನುಂಗುವುದು ಅಳತೆಯನ್ನೇ. ಕ್ಯಾಪ್ಸೂಲನ್ನೂ ನಮ್ಮವರು ಮಾತ್ರೆಯೆಂದೇ ಕರೆಯುತ್ತಾರೆ. ಆಕಾರ ಹೇಗಿದ್ದರೇನು, ಈ ಹೆಸರಿಗೆ ಅದು ಲೆಕ್ಕಕ್ಕಿಲ್ಲ.

ಈಗ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬರೋಣ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಒಂದು ಪ್ರತ್ಯೇಕ ರೋಗವಾಗಿ ವಿವರಿಸಿದ. ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇದೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಆ ಹೊದಿಕೆಯ ಮೇಲೆ ಬೀಳುತ್ತವೆ. ಒಂದು ದಿನ ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತೂಗಾಡುತ್ತದೆ. ವಾರಗಳಲ್ಲಿ ಇಳಿಯುತ್ತದೆ, ತಿಂಗಳುಗಳ ನಂತರ ಬೇರೆ ರೂಪದಲ್ಲಿ ಮರುಕಳಿಸುತ್ತದೆ. ಬಹುಪಾಲು ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಾಗಿ ಬರುತ್ತದೆ. ಓದು, ಕೆಲಸ, ಮದುವೆ, ಮಕ್ಕಳು ಎಂದು ಬದುಕು ಕಟ್ಟಿಕೊಳ್ಳುವ ಹೊತ್ತಿಗೇ ಬರುವುದು ಈ ರೋಗದ ಕ್ರೌರ್ಯ.

ರೋಗದ ದಾರಿಯನ್ನೇ ಬದಲಿಸುವ ಮೊದಲ ಔಷಧ, ಇಂಟರ್‌ಫೆರಾನ್ ಬೀಟಾ, ಅಮೆರಿಕದಲ್ಲಿ 1993ರಲ್ಲಿ ಬಂತು. ಅದೂ, ಅದರ ಹಿಂದೆ ಬಂದ ಗ್ಲಾಟಿರಾಮರ್ ಕೂಡ, ಚುಚ್ಚುಮದ್ದು. ದಿನ ಬಿಟ್ಟು ದಿನವೋ, ದಿನವೂ, ವಾರಕ್ಕೊಮ್ಮೆಯೋ ತೊಡೆಗೆ, ಹೊಟ್ಟೆಗೆ ತಾವೇ ಚುಚ್ಚಿಕೊಳ್ಳಬೇಕು. ಇಂಟರ್‌ಫೆರಾನ್ ಚುಚ್ಚಿಕೊಂಡ ರಾತ್ರಿ ಫ್ಲೂ ಜ್ವರದಂಥ ಮೈಕೈ ನೋವು. ಹದಿನೇಳು ವರ್ಷ ರೋಗಿಗಳು ಕಾದದ್ದು ಬಾಯಲ್ಲಿ ಹಾಕಿಕೊಂಡು ನೀರು ಕುಡಿಯುವಂಥ ಒಂದು ಮದ್ದಿಗೆ.

2010ರ ಫೆಬ್ರವರಿ 4ರ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಚಿಕೆಯಲ್ಲಿ ಮೂರು ಪ್ರಯೋಗಗಳ ವರದಿ ಒಂದರ ಬೆನ್ನಿಗೆ ಒಂದು ಅಚ್ಚಾದವು. ಎರಡು ಫಿಂಗೋಲಿಮಾಡ್ ಬಗ್ಗೆ, ಒಂದು ಕ್ಲಾಡ್ರಿಬಿನ್ ಬಗ್ಗೆ. ಫಿಂಗೋಲಿಮಾಡ್ ಹುಟ್ಟಿದ ಕತೆ ಸೊಗಸಾದದ್ದು. ಕೀಟಗಳ ಮೈಮೇಲೆ ಬೆಳೆಯುವ, ಚೀನೀ ಪಾರಂಪರಿಕ ವೈದ್ಯ ಬಳಸುತ್ತಿದ್ದ ಒಂದು ಜಾತಿಯ ಶಿಲೀಂಧ್ರದಿಂದ ತೆಗೆದ ವಸ್ತುವನ್ನು ತಿದ್ದಿ ತಿದ್ದಿ ಜಪಾನಿನ ತೆತ್ಸುರೊ ಫುಜಿತಾ ಮತ್ತು ಸಂಗಡಿಗರು 1990ರ ದಶಕದ ಮೊದಲಲ್ಲಿ ಇದನ್ನು ರೂಪಿಸಿದರು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟುಗಳನ್ನು ಇದು ದುಗ್ಧಗ್ರಂಥಿಗಳೊಳಗೇ ತಡೆದಿಡುತ್ತದೆ. ಅವು ಮಿದುಳಿನವರೆಗೆ ಹೋಗದಿದ್ದರೆ ಮೈಲಿನ್ ಉಳಿಯುತ್ತದೆ.

ಇಲ್ಲಿ ಮಾತ್ರೆಯ ಹಳೆಯ ಅರ್ಥ ಮೊದಲ ಸಲ ಎದ್ದು ನಿಂತಿತು. ಎಷ್ಟು ಕೊಡಬೇಕು? ಫ್ರೀಡಮ್ಸ್ ಎಂಬ ಪ್ರಯೋಗದಲ್ಲಿ 1,272 ಜನರನ್ನು ಮೂರು ಗುಂಪು ಮಾಡಿ ಎರಡು ವರ್ಷ ನೋಡಿದರು. ದಿನಕ್ಕೆ 1.25 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ವರ್ಷಕ್ಕೆ ಸರಾಸರಿ ಮರುಕಳಿಕೆ 0.16, 0.5 ಮಿಲಿಗ್ರಾಂನವರಲ್ಲಿ 0.18, ಪ್ಲಸೀಬೊ ಎಂಬ ಹುಸಿ ಮಾತ್ರೆಯವರಲ್ಲಿ 0.40. ಹುಸಿ ಮಾತ್ರೆಯವರಿಗೆ ಸುಮಾರು ಎರಡೂವರೆ ವರ್ಷಕ್ಕೊಮ್ಮೆ ರೋಗ ಎದ್ದಿತು, ಮದ್ದಿನವರಿಗೆ ಐದಾರು ವರ್ಷಕ್ಕೊಮ್ಮೆ ಎಂದು ಇದನ್ನು ಸ್ಥೂಲವಾಗಿ ಓದಿಕೊಳ್ಳಬಹುದು. ಟ್ರಾನ್ಸ್‌ಫಾರ್ಮ್ಸ್ ಎಂಬ ಇನ್ನೊಂದು ಪ್ರಯೋಗ ಇದೇ ಎರಡು ಅಳತೆಗಳನ್ನು ವಾರಕ್ಕೊಮ್ಮೆ ಚುಚ್ಚುವ ಇಂಟರ್‌ಫೆರಾನಿನ ಎದುರು ಒಂದು ವರ್ಷ ನಿಲ್ಲಿಸಿತು. ಯಾರಿಗೆ ಯಾವುದು ಎಂಬ ಗುಟ್ಟು ಒಡೆಯಬಾರದೆಂದು ಎಲ್ಲರೂ ಕ್ಯಾಪ್ಸೂಲನ್ನೂ ನುಂಗಿದರು, ಎಲ್ಲರೂ ಸೂಜಿಯನ್ನೂ ಚುಚ್ಚಿಕೊಂಡರು. ಎರಡರಲ್ಲಿ ಒಂದು ಹುಸಿ. ಇಂಟರ್‌ಫೆರಾನಿನವರಲ್ಲಿ 0.33, ದೊಡ್ಡ ಅಳತೆಯವರಲ್ಲಿ 0.20, ಚಿಕ್ಕ ಅಳತೆಯವರಲ್ಲಿ 0.16. ದೊಡ್ಡ ಅಳತೆಯ ಗುಂಪಿನಲ್ಲಿ ಇಬ್ಬರು ತೀರಿಕೊಂಡರು, ಒಬ್ಬರು ಮೈಯೊಳಗೆಲ್ಲ ಹರಡಿದ ಸೀತಾಳೆ ಸಿಡುಬಿನ ವೈರಸ್ಸಿನಿಂದ, ಇನ್ನೊಬ್ಬರು ಹರ್ಪಿಸ್ ವೈರಸ್ ತಂದ ಮಿದುಳಿನ ಉರಿಯೂತದಿಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 0.5 ಮಿಲಿಗ್ರಾಂಗೆ ಮಾತ್ರ.

ಇನ್ನೂ ಕಡಿಮೆ ಸಾಕಾಗಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಅಸೆಸ್ ಎಂಬ ಪ್ರಯೋಗ 0.5ನ್ನೂ ಅದರ ಅರ್ಧವಾದ 0.25ನ್ನೂ ಗ್ಲಾಟಿರಾಮರ್ ಚುಚ್ಚುಮದ್ದಿನ ಎದುರಿಗಿಟ್ಟಿತು. 0.5ರವರಲ್ಲಿ ಮರುಕಳಿಕೆ 0.153, 0.25ರವರಲ್ಲಿ 0.221, ಗ್ಲಾಟಿರಾಮರ್‌ನವರಲ್ಲಿ 0.258. ಪೂರ್ಣ ಅಳತೆ ಚುಚ್ಚುಮದ್ದಿಗಿಂತ ಮೇಲೆಂದು ಸಾಬೀತಾಯಿತು, ಅರ್ಧ ಅಳತೆ ಆಗಲಿಲ್ಲ. ವ್ಯಾಕರಣಕಾರರಂತೆ ಇಲ್ಲಿ ಅರ್ಧ ಉಳಿಸಿ ಸಂಭ್ರಮಿಸುವಂತಿಲ್ಲ.

ಬೇರೆ ಮಾತ್ರೆಗಳ ಕತೆಯಲ್ಲೂ ಈ ಅಳತೆಯದೇ ಗೊಂದಲ. ಡೈಮೀಥೈಲ್ ಫ್ಯೂಮರೇಟ್‌ನ ಮೂಲ ಜರ್ಮನಿಯಲ್ಲಿ. ವಾಲ್ಟರ್ ಶ್ವೆಕೆಂಡೀಕ್ ಎಂಬ ರಸಾಯನಶಾಸ್ತ್ರಜ್ಞ ತನ್ನ ಸೋರಿಯಾಸಿಸ್‌ಗೆ ಫ್ಯೂಮರಿಕ್ ಆಮ್ಲದ ಸಂಯುಕ್ತಗಳನ್ನು ತಾನೇ ಬಳಸಿ ನೋಡಿ 1959ರಲ್ಲಿ ಬರೆದ. ಅರ್ಧ ಶತಮಾನದ ಮೇಲೆ ಡಿಫೈನ್, ಕನ್ಫರ್ಮ್ ಎಂಬ ಎರಡು ದೊಡ್ಡ ಪ್ರಯೋಗಗಳು 240 ಮಿಲಿಗ್ರಾಂನ ಕ್ಯಾಪ್ಸೂಲನ್ನು ದಿನಕ್ಕೆ ಎರಡು ಹೊತ್ತು ಕೊಟ್ಟರೆ ಮೇಲೋ ಮೂರು ಹೊತ್ತು ಮೇಲೋ ಎಂದು ನೋಡಿದವು. ಡಿಫೈನ್‌ನಲ್ಲಿ ಎರಡು ಹೊತ್ತಿನವರಿಗೆ 0.17, ಮೂರು ಹೊತ್ತಿನವರಿಗೆ 0.19, ಹುಸಿ ಮಾತ್ರೆಯವರಿಗೆ 0.36. ಮೂರನೆಯ ಹೊತ್ತಿನಿಂದ ಲಾಭವಿಲ್ಲ. ಎರಡು ಹೊತ್ತಿಗೆ 2013ರಲ್ಲಿ ಒಪ್ಪಿಗೆಯಾಯಿತು. ಮುಖ ಕೆಂಪೇರಿ ಬಿಸಿಯಾಗುವುದು, ಹೊಟ್ಟೆ ತೊಳಸುವುದು ಇದರ ಮೊದಲ ತಿಂಗಳುಗಳ ಕಾಟ.

ಸಂಧಿವಾತದ ಲೆಫ್ಲುನೊಮೈಡ್ ದೇಹದೊಳಗೆ ಹೋಗಿ ಯಾವ ರೂಪ ತಾಳುತ್ತದೋ ಅದೇ ಟೆರಿಫ್ಲುನೊಮೈಡ್. 2011ರಲ್ಲಿ ವರದಿಯಾದ ಟೆಮ್ಸೊ ಪ್ರಯೋಗದಲ್ಲಿ ದಿನಕ್ಕೆ 7 ಮಿಲಿಗ್ರಾಂ ಕೊಟ್ಟರೂ 14 ಕೊಟ್ಟರೂ ಮರುಕಳಿಕೆ ಒಂದೇ, 0.37. ಹುಸಿ ಮಾತ್ರೆಯಲ್ಲಿ 0.54. ಹಾಗಾದರೆ 7 ಸಾಲದೇ? ಅಂಗವೈಕಲ್ಯದ ಹೆಚ್ಚಳವನ್ನು ಅಳೆದಾಗ ಹುಸಿ ಮಾತ್ರೆಗಿಂತ ಖಚಿತವಾಗಿ ಮೇಲೆಂದು ಕಂಡದ್ದು 14 ಮಾತ್ರ. ಒಂದೇ ಪ್ರಯೋಗ, ಅದೇ ಜನ. ಅಳೆಯುವ ಕೋಲು ಬದಲಾದಾಗ ಉತ್ತರವೂ ಬದಲಾಯಿತು.

ಕ್ಲಾಡ್ರಿಬಿನ್ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡ ಮಾತ್ರೆ. ಮೊದಲು ಒಂದು ಬಗೆಯ ರಕ್ತಕ್ಯಾನ್ಸರಿಗೆ ಚುಚ್ಚುಮದ್ದಾಗಿದ್ದದ್ದು ಇದು. ಚರಕದ ಅಧ್ಯಾಯದಂತೆ ಇಲ್ಲಿ ಅಳತೆಯನ್ನು ನಿರ್ಣಯಿಸುವುದು ತೆಗೆದುಕೊಳ್ಳುವವರ ದೇಹ, ಮೈತೂಕದ ಕಿಲೋ ಒಂದಕ್ಕೆ ಎರಡು ವರ್ಷದಲ್ಲಿ ಒಟ್ಟು 3.5 ಮಿಲಿಗ್ರಾಂ. 55 ಕಿಲೋ ತೂಗುವ ಹೆಣ್ಣುಮಗಳೊಬ್ಬಳನ್ನು ಇಟ್ಟುಕೊಳ್ಳಿ. ಮೊದಲ ವಾರ ದಿನಕ್ಕೊಂದರಂತೆ 10 ಮಿಲಿಗ್ರಾಂನ ಐದು ಮಾತ್ರೆ, ತಿಂಗಳಾದ ಮೇಲೆ ಮತ್ತೆ ಐದು. ಅಲ್ಲಿಗೆ ಆ ವರ್ಷದ ಲೆಕ್ಕ ಮುಗಿಯಿತು. ಮರುವರ್ಷ ಹೀಗೇ ಹತ್ತು. ಎರಡು ವರ್ಷಕ್ಕೆ ಇಪ್ಪತ್ತು ಮಾತ್ರೆ. ಡೈಮೀಥೈಲ್ ಫ್ಯೂಮರೇಟ್ ಆಗಿದ್ದರೆ ಅದೇ ಎರಡು ವರ್ಷದಲ್ಲಿ 1,460 ನುಂಗಬೇಕಿತ್ತು. ಕ್ಲಾರಿಟಿ ಪ್ರಯೋಗದಲ್ಲಿ 3.5ರ ಅಳತೆಯವರಿಗೆ ಮರುಕಳಿಕೆ 0.14, 5.25ರವರಿಗೆ 0.15, ಹುಸಿ ಮಾತ್ರೆಯವರಿಗೆ 0.33. ಫಲ ಇಷ್ಟು ಚೆನ್ನಾಗಿದ್ದರೂ, ರಕ್ಷಣಾ ಕಣಗಳು ತಗ್ಗುವುದು ಮತ್ತು ಕ್ಯಾನ್ಸರಿನ ಭಯ ಅಡ್ಡ ಬಂದವು. 2011ರಲ್ಲಿ ಕಂಪನಿ ಅರ್ಜಿ ಹಿಂತೆಗೆದುಕೊಂಡಿತು. ಪ್ರಯೋಗದಲ್ಲಿ ಇದ್ದವರನ್ನು ಇನ್ನಷ್ಟು ವರ್ಷ ನೋಡಿದ ಮೇಲೆ ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರೆಯಿತು, ಕ್ಯಾನ್ಸರ್ ಮತ್ತು ಗರ್ಭಸ್ಥ ಶಿಶುವಿನ ಕುರಿತ ಎಚ್ಚರಿಕೆಯೊಂದಿಗೆ.

ಈಗ ಮೇಲಿನ ಅಂಕಿಗಳನ್ನು ಒಟ್ಟಿಗೆ ನೋಡುವ ಆಸೆ ಯಾರಿಗಾದರೂ ಬರುತ್ತದೆ. ಕ್ಲಾಡ್ರಿಬಿನ್ 0.14, ಡೈಮೀಥೈಲ್ ಫ್ಯೂಮರೇಟ್ 0.17, ಫಿಂಗೋಲಿಮಾಡ್ 0.18, ಟೆರಿಫ್ಲುನೊಮೈಡ್ 0.37. ಪಟ್ಟಿ ಸಿದ್ಧವಾಯಿತು, ಮೊದಲನೆಯದೇ ಉತ್ತಮ ಎನ್ನಿಸುತ್ತದೆ. ಇದು ತಪ್ಪು ಓದು. ಹುಸಿ ಮಾತ್ರೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿ. 0.33, 0.36, 0.40, 0.54. ಮದ್ದೇ ಇಲ್ಲದ ಮಾತ್ರೆ ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಇಷ್ಟು ಬದಲಾಗಿದೆ ಎಂದರೆ, ಆ ಪ್ರಯೋಗಗಳಿಗೆ ಬಂದ ಜನರೇ ಬೇರೆ, ಅವರ ರೋಗದ ರಭಸವೇ ಬೇರೆ. ಟೆಮ್ಸೊದ ಹುಸಿ ಮಾತ್ರೆಯವರಲ್ಲಿ ರೋಗ ಹೆಚ್ಚು ಸಲ ಮರುಕಳಿಸಿತ್ತು. ಅವರವರ ಹುಸಿ ಮಾತ್ರೆಯೇ ಅವರವರ ನೀಲಕಂಠ, ಒಂದರ ಅಂಕಿಯನ್ನು ತಂದು ಇನ್ನೊಂದರ ಅಂಕಿಯ ಮೇಲೆ ಹೇರುವಂತಿಲ್ಲ.

ಇಲ್ಲಿ ಮಾತ್ರೆಯ ಒಡಹುಟ್ಟು 'ಪ್ರಮಾಣ' ನೆರವಿಗೆ ಬರುತ್ತದೆ. ಕನ್ನಡದಲ್ಲಿ ಪ್ರಮಾಣ ಎಂದರೆ ಔಷಧದ ಅಳತೆ, ದೇವರ ಮುಂದೆ ಮಾಡುವ ಆಣೆ, ಮತ್ತು ನಿಜವನ್ನು ತಿಳಿಯುವ ಸಾಧನ. ನ್ಯಾಯದರ್ಶನ ಹೇಳುವ ನಾಲ್ಕು ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ, ಎರಡನೆಯದು ಅನುಮಾನ. ಎರಡು ಮಾತ್ರೆಗಳನ್ನು ಒಂದೇ ಪ್ರಯೋಗದಲ್ಲಿ, ಚೀಟಿ ಎತ್ತಿದಂತೆ ಹಂಚಿದ ಜನರಲ್ಲಿ, ಎದುರುಬದುರು ನಿಲ್ಲಿಸುವುದು ಪ್ರತ್ಯಕ್ಷ. ಎರಡೂ ಬೇರೆ ಬೇರೆ ಪ್ರಯೋಗಗಳಲ್ಲಿ ಹುಸಿ ಮಾತ್ರೆಯ ಎದುರು ಎಷ್ಟು ಗೆದ್ದವು ಎಂಬುದರಿಂದ ಅವೆರಡರ ನಡುವಿನ ಅಂತರವನ್ನು ಲೆಕ್ಕ ಹಾಕುವುದು ಅನುಮಾನ. ನೆಟ್‌ವರ್ಕ್ ಮೆಟಾ ಅನಾಲಿಸಿಸ್ ಎಂಬ ಹೆಸರಿನಲ್ಲಿ ಪ್ರಕಟವಾಗುವ ಹೋಲಿಕೆಗಳು ಬಹುಪಾಲು ಈ ಎರಡನೆಯ ಬಗೆಯವು. ಉಪಯುಕ್ತವಾದವು, ಬೇರೆ ದಾರಿಯಿಲ್ಲದಾಗ ಅನಿವಾರ್ಯವಾದವು. ಆದರೆ ತರ್ಕಶಾಸ್ತ್ರದ ಅನುಮಾನ ಕನ್ನಡದ ದಿನಬಳಕೆಯಲ್ಲಿ ಸಂಶಯ ಎಂಬ ಅರ್ಥ ಪಡೆದಿದೆ. ಈ ಹೋಲಿಕೆಗಳನ್ನು ಓದುವಾಗ ಎರಡೂ ಅರ್ಥ ಜೊತೆಗಿರುವುದು ಒಳ್ಳೆಯದು.

ಪ್ರತ್ಯಕ್ಷದ ಪ್ರಯೋಗಗಳು ಕಡಿಮೆ, ಬಂದದ್ದೂ ತಡವಾಗಿ. ಕನ್ಫರ್ಮ್‌ನಲ್ಲಿ ಗ್ಲಾಟಿರಾಮರ್ ಗುಂಪೂ ಇತ್ತು, ಆದರೆ ಎರಡರಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಆ ಪ್ರಯೋಗವನ್ನು ಕಟ್ಟಿರಲಿಲ್ಲ. ಡೈರಾಕ್ಸಿಮೆಲ್ ಫ್ಯೂಮರೇಟ್ ಎಂಬ ಮಾತ್ರೆಯನ್ನು ಡೈಮೀಥೈಲ್ ಫ್ಯೂಮರೇಟಿನ ಎದುರಿಟ್ಟ ಐದು ವಾರದ ಪ್ರಯೋಗ ನೋಡಿದ್ದು ಹೊಟ್ಟೆಯ ತೊಂದರೆಯನ್ನು. ಮರುಕಳಿಕೆಯ ವಿಚಾರದಲ್ಲಿ ಬಾಯಿ ಮಾತ್ರೆಯೊಂದನ್ನು ಬಾಯಿ ಮಾತ್ರೆಯ ಎದುರೇ ನಿಲ್ಲಿಸಿದ ಮೊದಲ ದೊಡ್ಡ ಪ್ರಯೋಗ ಆಪ್ಟಿಮಮ್, 2021ರಲ್ಲಿ ಪ್ರಕಟವಾದದ್ದು. 1,133 ಜನ, 108 ವಾರ. ಪೊನೆಸಿಮಾಡ್ ಎಂಬ ಮಾತ್ರೆಯ 20 ಮಿಲಿಗ್ರಾಂನವರಲ್ಲಿ 0.202, ಟೆರಿಫ್ಲುನೊಮೈಡ್ 14 ಮಿಲಿಗ್ರಾಂನವರಲ್ಲಿ 0.290. ಮರುಕಳಿಕೆ ಶೇ. 30.5ರಷ್ಟು ಕಡಿಮೆ. ಅಂಗವೈಕಲ್ಯದ ಲೆಕ್ಕದಲ್ಲಿ ಮಾತ್ರ ಖಚಿತವಾದ ಅಂತರ ಕಾಣಲಿಲ್ಲ.

ಒಳ್ಳೆಯ ಮದ್ದುಗಳಿರುವಾಗ ರೋಗಿಗಳಿಗೆ ಎರಡು ವರ್ಷ ಹುಸಿ ಮಾತ್ರೆ ಕೊಡುವುದು ಸರಿಯಲ್ಲ ಎಂಬ ಅರಿವು ಬಲಿತಂತೆ, ಟೆರಿಫ್ಲುನೊಮೈಡೇ ಹಲವು ಹೊಸ ಔಷಧಗಳ ಅಳತೆಗೋಲಾಯಿತು. ಆ ಕೋಲಿಗೆ ಏನಾಯಿತು ನೋಡಿ. ಅದೇ 14 ಮಿಲಿಗ್ರಾಂ ಮಾತ್ರೆ ಟೆಮ್ಸೊದಲ್ಲಿ 0.37, ಆಪ್ಟಿಮಮ್‌ನಲ್ಲಿ 0.290. ಒಫಾಟುಮುಮಾಬ್ ಚುಚ್ಚುಮದ್ದಿನ ಎದುರು ನಿಂತ ಆಸ್ಕ್ಲೆಪಿಯೋಸ್ ಜೋಡಿ ಪ್ರಯೋಗಗಳಲ್ಲಿ 0.22 ಮತ್ತು 0.25. ಟೊಲೆಬ್ರುಟಿನಿಬ್ ಎಂಬ ಹೊಸ ಮಾತ್ರೆಯ ಜೆಮಿನಿ ಪ್ರಯೋಗಗಳಲ್ಲಿ 0.12 ಮತ್ತು 0.11. ಮಾತ್ರೆ ಬದಲಾಗಿಲ್ಲ. ಈಗ ಎಂ.ಆರ್.ಐ. ನೆರವಿನಿಂದ ರೋಗ ಬೇಗ ಪತ್ತೆಯಾಗುತ್ತದೆ, ಸೌಮ್ಯ ರೂಪದವರೂ ಲೆಕ್ಕಕ್ಕೆ ಬರುತ್ತಾರೆ, ರೋಗ ಉಗ್ರವಾಗಿರುವವರು ಪ್ರಯೋಗಕ್ಕೆ ಬಾರದೆ ನೇರವಾಗಿ ಬಲವಾದ ಮದ್ದಿಗೆ ಹೋಗುತ್ತಾರೆ. ಜನ ಬದಲಾದರು, ಅಂಕಿ ಇಳಿಯಿತು. ಟೊಲೆಬ್ರುಟಿನಿಬ್ ಮರುಕಳಿಕೆಯಲ್ಲಿ ಟೆರಿಫ್ಲುನೊಮೈಡನ್ನು ಮೀರಿಸಲಿಲ್ಲ. ಎವೊಬ್ರುಟಿನಿಬ್ ಎಂಬ ಇನ್ನೊಂದು ಹೊಸ ಮಾತ್ರೆಯದೂ ಅದೇ ಗತಿ. 2011ರ ಆ 0.37ನ್ನು ತಂದು ಈ ಹೊಸ ಮಾತ್ರೆಗಳ ಅಂಕಿಯ ಪಕ್ಕ ಇಟ್ಟಿದ್ದರೆ ಇವೆರಡೂ ಗೆದ್ದಂತೆ ಕಾಣುತ್ತಿದ್ದವು.

ಅಂಗವೈಕಲ್ಯದ ಅಳತೆಯೂ ಒಂದು ಮಾತ್ರಾಗಣಿತವೇ. ಅಮೆರಿಕದ ಜಾನ್ ಕರ್ಟ್ಸ್ಕಿ 1983ರಲ್ಲಿ ವಿಸ್ತರಿಸಿ ಕೊಟ್ಟ ಪಟ್ಟಿ ಸೊನ್ನೆಯಿಂದ ಹತ್ತರವರೆಗೆ ಅರ್ಧರ್ಧವಾಗಿ ಏರುತ್ತದೆ. ನಾಲ್ಕು ಎಂದರೆ ಯಾರ ನೆರವೂ ಇಲ್ಲದೆ ಸುಮಾರು 500 ಮೀಟರ್ ನಡೆಯಬಲ್ಲವರು, ಆರು ಎಂದರೆ ನೂರು ಮೀಟರಿಗೆ ಒಂದು ಊರುಗೋಲು ಬೇಕಾದವರು. ಮೇಲಿನ ಮೆಟ್ಟಿಲುಗಳಲ್ಲಿ ಅರ್ಧ ಅಂಕ ಏರಿದರೂ ಪ್ರಯೋಗಗಳು ಅದನ್ನು ರೋಗದ ಮುನ್ನಡೆಯೆಂದು ಎಣಿಸುತ್ತವೆ. ನಡಿಗೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೈ ಸೋತು ಕುಸಿಯುವ ದಣಿವು, ಆಡಬೇಕಾದ ಮಾತು ಮರೆತುಹೋಗುವ ಸಂಕಟ ಇದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಮನೆಯಲ್ಲಿ ರೋಗಿಯೊಡನೆ ಇರುವವರಿಗೆ ಮೊದಲು ಕಾಣುವುದು ಇವೇ.

ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಲ್ಟಿಪಲ್ ಸ್ಕ್ಲೆರೋಸಿಸನ್ನು ತನ್ನ 21 ಬಗೆಗಳ ಪಟ್ಟಿಯಲ್ಲಿ ಸೇರಿಸಿದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40ರ ಪ್ರಮಾಣಪತ್ರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆ ರೋಗಿಗಳಿಗೂ ಮನೆಯವರಿಗೂ ಒತ್ತಾಸೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಈ ರೋಗದ ಮೂರು ಮದ್ದುಗಳನ್ನು ಮೊದಲ ಬಾರಿಗೆ ಸೇರಿಸಿತು. ಗ್ಲಾಟಿರಾಮರ್, ರಿಟುಕ್ಸಿಮಾಬ್, ಕ್ಲಾಡ್ರಿಬಿನ್. ಬಾಯಲ್ಲಿ ನುಂಗುವಂಥದ್ದು ಅದರಲ್ಲಿ ಒಂದೇ.

ಒಂದು ಮಾತ್ರೆ ಇನ್ನೊಂದಕ್ಕಿಂತ ಮೇಲೆಂಬ ಸುದ್ದಿ ಕಂಡಾಗ, ಎಷ್ಟು ಮಿಲಿಗ್ರಾಂ, ಯಾವುದರ ಎದುರು, ಎಂಥ ರೋಗಿಗಳಲ್ಲಿ, ಯಾವ ಕೋಲಿನಿಂದ ಅಳೆದರು ಎಂದು ಕೇಳಿಕೊಳ್ಳಿ. ಗರ್ಭಿಣಿಯಾಗಬೇಕೆಂದಿರುವ ಹೆಣ್ಣುಮಗಳಿಗೆ ಟೆರಿಫ್ಲುನೊಮೈಡ್ ಸಲ್ಲದು. ಸೀತಾಳೆ ಸಿಡುಬು ಬಾರದ, ಅದರ ಲಸಿಕೆಯೂ ಆಗದ ವ್ಯಕ್ತಿಗೆ ಫಿಂಗೋಲಿಮಾಡ್ ಶುರುಮಾಡುವ ಮೊದಲು ಲಸಿಕೆಯ ವಿಚಾರ ನೋಡಬೇಕು, ಮೊದಲ ಕ್ಯಾಪ್ಸೂಲ್ ನುಂಗಿದ ಮೇಲೆ ಆರು ತಾಸು ಎದೆಬಡಿತ ಗಮನಿಸಬೇಕು. ಇನ್ನೊಂದು ಮಾತು, ಈಗಾಗಲೇ ಇದನ್ನು ತೆಗೆದುಕೊಳ್ಳುತ್ತಿರುವವರಿಗೆ. ಫಿಂಗೋಲಿಮಾಡ್ ನಿಲ್ಲಿಸಿದ ಮೇಲೆ ಕೆಲವರಲ್ಲಿ ರೋಗ ಮೊದಲಿಗಿಂತ ಉಗ್ರವಾಗಿ ಮರುಕಳಿಸಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ನವೆಂಬರಿನಲ್ಲಿ ಎಚ್ಚರಿಸಿದೆ. ಆರಾಮಾಗಿದ್ದೇನೆ ಎಂದೋ, ದುಡ್ಡು ಹೊಂದಲಿಲ್ಲವೆಂದೋ, ಯಾರೋ ಬೇರೆ ಮಾತ್ರೆ ಹೇಳಿದರೆಂದೋ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ನಿಮ್ಮ ನರರೋಗ ವೈದ್ಯರನ್ನು ಕೇಳಿಯೇ ಬಿಡಿ.